ಏಳನೇ ನಂಬರಿನ ಬಿಲ್ಲೆ

ಇಂದ್ರಾಣಿಗೆ ಅಪ್ಪ ಎಂದರೆ ಮೊದಲು ನೆನಪಿಗೆ ಬರುವುದು ಮುಖವಲ್ಲ, ಗ್ರೀಸಿನ ವಾಸನೆ. ಚಿನ್ನದ ಗಣಿ ಮೈಸೂರು ಮೈನ್ಸಿನಲ್ಲಿ ಕೆಲಸಗಾರರನ್ನು ಕೇಜಿನಲ್ಲಿ ನಿಲ್ಲಿಸಿ ಶಾಫ್ಟ್ ಎಂಬ ಆಳದ ಬಾವಿಯಲ್ಲಿ ಪಾತಾಳಕ್ಕೆ ಇಳಿಸುವ, ಮತ್ತೆ ಮೇಲೆತ್ತುವ ಇಂಜಿನ್ನಿನ ಮುಂದೆ ಅವರು ಇಪ್ಪತ್ತೆಂಟು ವರ್ಷ ಕೂತಿದ್ದರು. ಸಂಜೆ ಆಂಡರ್ಸನ್‌ಪೇಟೆಯ ಮನೆಗೆ ಬಂದು ಊಟದ ಕ್ಯಾರಿಯರ್ ಕೆಳಗಿಟ್ಟರೆ, ಅದರ ಹಿಡಿಯಿಂದ ಉಕ್ಕಿನ ಹಗ್ಗಕ್ಕೆ ಬಳಿಯುವ ಕರಿ ಗ್ರೀಸಿನ ವಾಸನೆ ಒಲೆಯವರೆಗೂ ಬರುತ್ತಿತ್ತು. ಅಮ್ಮ ಬೂದಿ ಹಾಕಿ ಉಜ್ಜುತ್ತಿದ್ದಳು, ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ವಾಸನೆ ಹೋಗುತ್ತಿರಲಿಲ್ಲ. ಇನ್ನೊಂದು ವಿಚಿತ್ರವೂ ಇತ್ತು. ಮೂರು ಡಬ್ಬಿಯೂ ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತಿದ್ದವು. ಅಪ್ಪ ಮಾತ್ರ ಬಂದವರೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದರು. ನಿಮ್ಮದು ಹೊಟ್ಟೆಯೋ ಗಣಿಯೋ ಎಂದು ಅಮ್ಮ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು.

ಅದೇ ವಾಸನೆ ಐವತ್ತೆಂಟನೇ ವಯಸ್ಸಿನಲ್ಲಿ ಇಂದ್ರಾಣಿಗೆ ಮತ್ತೆ ಸಿಕ್ಕಿದ್ದು ಗಣಿಯಲ್ಲಲ್ಲ, ಒಂದು ಕೆರೆಯ ದಡದಲ್ಲಿ.

ಕ್ಯಾಸಂಬಳ್ಳಿಯಿಂದ ಆಚೆ ಕೋಡಿಪಲ್ಲಿ ಎಂಬ ಊರಿದೆ. ಇಂದ್ರಾಣಿ ಅಲ್ಲಿ ಅಂಗನವಾಡಿ ಟೀಚರು. ಬಿ.ಎ. ಓದಿದ್ದಾಳೆ, ದಿನಾ ಬೆಳಿಗ್ಗೆ ಆಂಡರ್ಸನ್‌ಪೇಟೆಯಿಂದ ಬಸ್ಸು ಹಿಡಿದು ಬರುತ್ತಾಳೆ. ಊರ ಮುಂದೆ ದೊಡ್ಡ ಕೆರೆ, ಕೆರೆಯ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಹನ್ನೊಂದು ಮನೆ. ಅದಕ್ಕೆ ನಡುಗುಟ್ಟ ಎಂದು ಹೆಸರು. ಕೆರೆ ಎಂಬುದು ಕಾಗದದಲ್ಲಿ ಮಾತ್ರ ಇದ್ದ ಮೂವತ್ತು ವರ್ಷ ನಡುಗುಟ್ಟದವರು ಕೆರೆಯಂಗಳದಲ್ಲಿ ದನ ಮೇಯಿಸುತ್ತ, ಹಾಲಿನ ಕ್ಯಾನು ಹೊತ್ತು ನೆಟ್ಟಗೆ ನಡೆದುಕೊಂಡು ಡೈರಿಗೆ ಬರುತ್ತಿದ್ದರು. ಮೂರು ವರ್ಷದ ಕೆಳಗೆ ಮಳೆ ಹಿಡಿಯಿತು. ಕೆರೆ ತುಂಬಿತು, ಕೋಡಿ ಹರಿಯಿತು. ದೊಡ್ಡವರೆಲ್ಲ ಬಂದು ಬಾಗಿನ ಬಿಟ್ಟು ಫೋಟೋ ತೆಗೆಸಿಕೊಂಡು ಹೋದರು. ಮಾರನೆಯ ದಿನ ನಡುಗುಟ್ಟದವರು ಎದ್ದು ನೋಡಿದರೆ ನಾಲ್ಕು ಕಡೆಯೂ ನೀರು.

ದೂರವೇನೂ ಇರಲಿಲ್ಲ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದಲ್ಲಿ ಓ ಅನ್ನುತ್ತಿದ್ದರು. ಆದರೆ ನೀರನ್ನೇ ಮರೆತ ಜನ; ದೋಣಿಯನ್ನು ಸಿನಿಮಾದಲ್ಲಿ ನೋಡಿದ್ದವರು. ಬಾವಿಯಲ್ಲಿ ಈಜು ಕಲಿತಿದ್ದವನು ಆ ಗುಡ್ಡದ ಹಿರಿಯ ಬಚ್ಚಪ್ಪನ ಮಗ ವೆಂಕಿ ಒಬ್ಬನೇ, ಅವನಿಗೂ ಮೂವತ್ತು ದಾಟಿತ್ತು. ಹಾಲು ನಿಂತಿತು, ಮಕ್ಕಳಿಗೆ ಹಾಕುವ ಸೂಜಿ ನಿಂತಿತು, ಕಾಗದ ಪತ್ರ ನಿಂತಿತು. ಇಂದ್ರಾಣಿಯ ಅಂಗನವಾಡಿಗೆ ಬರುತ್ತಿದ್ದ ಒಂಬತ್ತು ಮಕ್ಕಳು ಆ ದಡದಲ್ಲಿ ಸಾಲಾಗಿ ಕೂತು ಈ ದಡದ ಅಡುಗೆ ಹೊಗೆಯನ್ನು ನೋಡತೊಡಗಿದವು.

ಆಗ ಇಂದ್ರಾಣಿ ಕುಪ್ಪುಸ್ವಾಮಿಯವರನ್ನು ಕರೆದುಕೊಂಡು ಬಂದಳು. ಅವರು ಅಪ್ಪನ ಕೈಕೆಳಗೆ ಇಂಜಿನ್ ಕಲಿತವರು. ಗಣಿ ಮುಚ್ಚಿದ ಮೇಲೆ ಬೀದಿಯ ಬೋರ್‌ವೆಲ್ ರಿಪೇರಿ ಮಾಡಿಕೊಂಡು ಎಪ್ಪತ್ತೆರಡು ಮುಟ್ಟಿದವರು. ಅವಳನ್ನು ಈಗಲೂ ಪಾಪಾ ಎಂದೇ ಕರೆಯುತ್ತಿದ್ದರು. ಅವರು ದಡದಲ್ಲಿ ಒಂದು ಗಂಟೆ ಕುಕ್ಕುರುಗಾಲಲ್ಲಿ ಕೂತು ನೀರು ನೋಡಿದರು. ಆಮೇಲೆ ಪಂಚೆ ಕೊಡವಿಕೊಂಡು ಎದ್ದರು.

"ಇದು ಶಾಫ್ಟೇ ಪಾಪಾ," ಎಂದರು. "ಮಲಗೈತೆ, ಅಷ್ಟೇ."

ಹದಿನೈದು ದಿನದಲ್ಲಿ ಮಲಗಿದ ಶಾಫ್ಟಿಗೆ ಕೇಜು ಬಂತು. ಎಂಟು ನೀಲಿ ಡ್ರಮ್ಮಿನ ಮೇಲೆ ಹಲಗೆ ಹೊಡೆದ ತೆಪ್ಪ, ಸುತ್ತ ಕೈಹಿಡಿಯಲು ಕಂಬಿ. ಬಾವಿ ತೋಡುವವರು ಮೂಲೆಗೆ ಎಸೆದಿದ್ದ ಕೈರಾಟೆ ಈ ದಡದಲ್ಲಿ, ಒಂದು ಗಟ್ಟಿ ಕಂಬ ಮತ್ತು ಗಾಲಿ ಆ ದಡದಲ್ಲಿ. ನಡುವೆ ಗುಜರಿಯಿಂದ ತಂದ ತೆಳ್ಳನೆಯ ಉಕ್ಕಿನ ಹಗ್ಗ, ಗಾಲಿ ಸುತ್ತಿ ವಾಪಸು ರಾಟೆಗೇ ಬರುವಂತೆ. ರಾಟೆಯನ್ನು ಹೀಗೆ ತಿರುಗಿಸಿದರೆ ತೆಪ್ಪ ಅತ್ತ, ಹಾಗೆ ತಿರುಗಿಸಿದರೆ ಇತ್ತ. ಎರಡೂ ದಡದಲ್ಲಿ ಒಂದೊಂದು ಗಂಟೆ. ಒಂದು ಹೊಡೆದರೆ ನಿಲ್ಲಿಸು. ಎರಡು ಹೊಡೆದರೆ ಸಾಮಾನು, ಎಳಿ. ಮೂರು ಹೊಡೆದರೆ ಮನುಷ್ಯರು ನಿಂತಿದ್ದಾರೆ, ಮೆಲ್ಲಗೆ ಎಳಿ. ಹಗ್ಗಕ್ಕೆ ಗ್ರೀಸು ಬಳಿದ ದಿನ ಇಂದ್ರಾಣಿ ಏನೋ ನೆಪ ಮಾಡಿಕೊಂಡು ರಾಟೆಯ ಹತ್ತಿರ ಸ್ವಲ್ಪ ಹೊತ್ತು ಹೆಚ್ಚಾಗಿಯೇ ನಿಂತಳು.

ಗಣಿಯ ಇನ್ನೊಂದು ಪದ್ಧತಿಯನ್ನೂ ಕುಪ್ಪುಸ್ವಾಮಿ ಬಿಡಲಿಲ್ಲ. ಹೊಂಗೆಮರಕ್ಕೆ ಒಂದು ಹಲಗೆ ನೇತುಹಾಕಿ ಮೊಳೆ ಹೊಡೆದು, ತಗಡಿನ ಮುಚ್ಚಳಗಳಿಗೆ ನಂಬರು ಬರೆದು ಬಿಲ್ಲೆ ಮಾಡಿದರು. ಆ ಕಡೆ ಹೋಗುವ ಹೊರಗಿನವರು ಯಾರೇ ಆಗಲಿ ಒಂದು ಬಿಲ್ಲೆ ತೆಗೆದುಕೊಂಡು ಹೋಗಬೇಕು, ವಾಪಸು ಬಂದು ತಾನೇ ಮೊಳೆಗೆ ಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದು ಲೆಕ್ಕ. ಮನುಷ್ಯ ಒಳಗಿರುವಾಗ ಇಂಜಿನ್ನಿನವನು ಮನೆಗೆ ಹೋಗುವ ಹಾಗಿಲ್ಲ. ಒಂದನೇ ನಂಬರು ಇಂದ್ರಾಣಿಯದು. ಅವಳು ದಿನಾ ಬೆಳಿಗ್ಗೆ ಈ ದಡದ ಮಕ್ಕಳನ್ನು ಸಹಾಯಕಿಗೆ ಒಪ್ಪಿಸಿ, ಅಡುಗೆಯ ಪಾತ್ರೆ, ಮೊಟ್ಟೆಯ ಬುಟ್ಟಿ ಸಮೇತ ದಾಟಿ ಬಚ್ಚಪ್ಪನ ಜಗಲಿಯಲ್ಲಿ ಅಂಗನವಾಡಿ ನಡೆಸಿ, ಮಧ್ಯಾಹ್ನ ವಾಪಸು ಬಂದು ಬಿಲ್ಲೆ ಹಾಕುತ್ತಿದ್ದಳು.

ಹೀಗೆ ಎರಡು ವರ್ಷ ಯಾರಿಗೂ ತೊಂದರೆಯಾಗದೆ ನಡೆಯಿತು. ತೊಂದರೆ ಶುರುವಾದದ್ದು ಇಂದ್ರಾಣಿ ಅರ್ಜಿ ಬರೆದ ಮೇಲೆ.

ಹಗ್ಗದಲ್ಲಿ ಎರಡು ಎಳೆ ಬಿಟ್ಟಿತ್ತು. ಹೊಸ ಹಗ್ಗ ಬೇಕು, ಮುನ್ನೂರೈವತ್ತು ಮೀಟರು ಸಾಕು, ಎಂದು ಅವಳು ಒಂದು ಹಾಳೆಯಲ್ಲಿ ಚೆಂದವಾಗಿ ಬರೆದು, ಒಂಬತ್ತು ಮಕ್ಕಳ ಹೆಸರು ಕೆಳಗೆ ಹಾಕಿ ಬಂಗಾರಪೇಟೆಯ ಕಚೇರಿಯೊಂದಕ್ಕೆ ಕೊಟ್ಟಳು. ಅಲ್ಲಿದ್ದವರು ಹಗ್ಗ ತಮ್ಮ ಇಲಾಖೆಗೆ ಬರುವುದಿಲ್ಲ ಎಂದು ಇನ್ನೊಂದು ಕಚೇರಿಗೆ ಕಳಿಸಿದರು. ಅವರು ನೀರಿನ ನಡುವೆ ಜನ ಇದ್ದಾರೆ ಎಂಬ ಕಾರಣಕ್ಕೆ ಮತ್ತೊಂದಕ್ಕೆ ಕಳಿಸಿದರು. ಅರ್ಜಿ ಹೋದಲ್ಲೆಲ್ಲ ಅದಕ್ಕೊಂದು ಹಾಳೆ ಸೇರಿತು. ಒಂದು ವರ್ಷ ತಿರುಗಿ ಬಂದಾಗ ಅದು ನೂರ ನಲವತ್ತು ಪುಟದ ಪುಸ್ತಕವಾಗಿತ್ತು: ನಡುಗುಟ್ಟ ದ್ವೀಪದ ಆರ್ಥಿಕ ಮತ್ತು ನಾಗರಿಕ ಸೌಲಭ್ಯಗಳ ಸಮಗ್ರ ಅಭಿವೃದ್ಧಿ. ಇಂದ್ರಾಣಿ ಅದನ್ನು ಎರಡು ಸಲ ಓದಿದಳು. ಸೆಲ್ಫಿ ಕಟ್ಟೆ ಇತ್ತು, ಗಾಜಿನ ಸೇತುವೆ ಇತ್ತು, ಹೆಲಿಕಾಪ್ಟರ್ ಇಳಿಯುವ ಜಾಗವಿತ್ತು, ಡಿಜಿಟಲ್ ಗ್ರಂಥಾಲಯವಿತ್ತು. ಹಗ್ಗ ಇರಲಿಲ್ಲ.

ಮೊದಲು ಸಮೀಕ್ಷೆಯವರು ಬಂದರು. ಅವರ ಕೈಯಲ್ಲಿದ್ದ ಪ್ರಶ್ನೆಗಳು ಯಾವುದೋ ಸಮುದ್ರದ ನಡುವಿನ ದ್ವೀಪಗಳಿಗೆ ತಯಾರಾದವು. ದ್ವೀಪ ಎಂದ ಮೇಲೆ ಎಲ್ಲ ಒಂದೇ ಎಂದು ಅದನ್ನೇ ತಂದಿದ್ದರು. ತಿಂಗಳಿಗೆ ಎಷ್ಟು ಏಡಿ ಹಿಡಿಯುತ್ತೀರಿ ಎಂದು ಕೇಳಿದರು. ಬಚ್ಚಪ್ಪ ಎಪ್ಪತ್ತು ವರ್ಷದಲ್ಲಿ ಎರಡು ಏಡಿ ನೋಡಿದ್ದ ಮನುಷ್ಯ. ಗದ್ದೆಯಲ್ಲಿ ಕಂಡರೆ ಇಡಿತಿದ್ವಿ ಸ್ವಾಮಿ, ಈಗ ಗದ್ದೇನೇ ನೀರಾಗೈತೆ ಎಂದ. ಸಮೀಕ್ಷೆಯವರು ಏಡಿ ಕೃಷಿಗೆ ವಿಪುಲ ಅವಕಾಶ ಎಂದು ಬರೆದುಕೊಂಡರು. ನಿಮ್ಮ ದ್ವೀಪದ ಸಾಂಪ್ರದಾಯಿಕ ನೃತ್ಯ ಯಾವುದು ಎಂದು ಹೆಂಗಸರನ್ನು ಕೇಳಿದರು. ಬಚ್ಚಪ್ಪನ ಹೆಂಡತಿ ವೆಂಕಟರತ್ನಮ್ಮ ಹಾಲು ಕರೆಯುತ್ತಿದ್ದವಳು ತಲೆ ಎತ್ತದೆ, ಎಮ್ಮೆ ಒದ್ದಾಗ ಕುಣಿತೀವಿ ಎಂದಳು. ಅದನ್ನೂ ಬರೆದುಕೊಂಡರೋ ಏನೋ.

ಆಮೇಲೆ ಮೊದಲ ಕಾಮಗಾರಿ ಬಂತು. ಗುಡ್ಡದ ತುದಿಯಲ್ಲಲ್ಲ, ನೀರಿನಂಚಿನಲ್ಲಿ, ಆಳುದ್ದ ಗುಂಡಿ ತೋಡಿ ಕಾಂಕ್ರೀಟು ತುಂಬಿ, ತೊಡೆಗಾತ್ರದ ಕಬ್ಬಿಣದ ಕಂಬ ನಿಲ್ಲಿಸಿ, ಅದರ ಮೇಲೆ ನೀಲಿ ಫಲಕ ಹಾಕಿದರು: ಸುನಾಮಿ ಮುನ್ಸೂಚನೆ ಬಂದಾಗ ಕೂಡಲೇ ಎತ್ತರದ ಪ್ರದೇಶಕ್ಕೆ ತೆರಳಿ. ಬಚ್ಚಪ್ಪ ಓದಿಸಿಕೊಂಡು ಕೇಳಿ, ತಲೆ ಎತ್ತಿ ಗುಡ್ಡದ ತುದಿ ನೋಡಿದ.

"ನಾವು ಇರಾದೇ ಎತ್ತರದಾಗೆ," ಎಂದ. "ಇನ್ನೂ ಮ್ಯಾಕ್ ಓಗಬೇಕಂದ್ರೆ ದ್ಯಾವ್ರ ತಾವ್ಕೇ ಓಗ್ಬೇಕು."

ಇಷ್ಟಾದರೂ ಯಾರಿಗೂ ನೋವಾಗಿರಲಿಲ್ಲ. ನೋವಾಗುವ ಕಾಗದವನ್ನು ತಂದವನು ಶ್ರೀಧರ್. ಜೂನಿಯರ್ ಇಂಜಿನಿಯರು, ಬಂಗಾರಪೇಟೆಯ ಹುಡುಗನೇ, ಮೀಸೆ ಈಗಷ್ಟೇ ನೆಟ್ಟಗಾಗಿತ್ತು. ಯೋಜನೆಯ ನಿಯಮದ ಪ್ರಕಾರ ದುರ್ಗಮ ದ್ವೀಪ ಎನಿಸಿಕೊಳ್ಳಬೇಕಾದರೆ ಅಲ್ಲಿಗೆ ಯಾವುದೇ ನಿಯತ ಸಾರಿಗೆ ಇರಬಾರದು. ಇಲ್ಲಿ ದಿನಕ್ಕೆ ಹತ್ತು ಸಲ ತೆಪ್ಪ ಓಡಾಡುತ್ತಿದೆ. ಮೇಲಾಗಿ ತೆಪ್ಪಕ್ಕೆ ಪರವಾನಗಿ ಇಲ್ಲ. ಆದ್ದರಿಂದ ತೆಪ್ಪವನ್ನು ತೆಗೆದು ಸೀಲ್ ಮಾಡತಕ್ಕದ್ದು. ಸೌಲಭ್ಯ ಬರಬೇಕಾದರೆ ಇರುವ ಸೌಲಭ್ಯ ಹೋಗಬೇಕು ಎಂಬುದನ್ನು ಶ್ರೀಧರ್ ನೆಲ ನೋಡಿಕೊಂಡು ಹೇಳಿದ. ಕುಪ್ಪುಸ್ವಾಮಿ ಕಾಗದವನ್ನು ಓದಿ, ಮಡಿಸಿ, ವಾಪಸು ಕೊಟ್ಟರು. ಗಣಿ ಮುಚ್ಚಿದ ದಿನವೂ ಅವರು ಹೀಗೇ ಕಾಗದ ಮಡಿಸಿ ವಾಪಸು ಕೊಟ್ಟಿದ್ದರಂತೆ. ಶ್ರೀಧರನ ಜೊತೆ ಬಂದ ಆಳುಗಳು ಆ ದಡದ ಕಂಬವನ್ನು ಕಿತ್ತರು. ಹಗ್ಗ ಸುತ್ತಿದರು. ತೆಪ್ಪವನ್ನು ದಡಕ್ಕೆ ಎಳೆದು, ರಾಟೆಯ ಹತ್ತಿರವೇ ಇಟ್ಟು, ಸುತ್ತ ದಾರ ಕಟ್ಟಿ ಅರಗಿನ ಸೀಲ್ ಒತ್ತಿದರು. ಸಹಿ ಹಾಕುವಾಗ ಶ್ರೀಧರನ ಪೆನ್ನು ಮೂರು ಸಲ ನಿಂತಿತು. ಮೂರನೇ ಸಲ ಇಂದ್ರಾಣಿಯೇ ತನ್ನ ಪೆನ್ನು ಕೊಟ್ಟಳು. ಕೊಟ್ಟ ಮೇಲೆ ತನ್ನ ಕೈಯನ್ನೇ ನೋಡಿಕೊಂಡಳು.

ಹತ್ತು ದಿನ ಅಂಗನವಾಡಿ ಕೂಗಿನಲ್ಲಿ ನಡೆಯಿತು. ಒಂದು ತಿಂಗಳು ಹಾಜರಿ ಇಲ್ಲದಿದ್ದರೆ ನಡುಗುಟ್ಟದ ಕೇಂದ್ರ ಮುಚ್ಚುತ್ತದೆ, ಮಕ್ಕಳ ಊಟವೂ ಮೊಟ್ಟೆಯೂ ರದ್ದಾಗುತ್ತದೆ ಎಂದು ಮೇಲಿನಿಂದ ಹೇಳಿದ್ದರು. ಇಂದ್ರಾಣಿ ಈ ದಡದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತು ಒಂದೊಂದೇ ಹೆಸರು ಕೂಗುತ್ತಿದ್ದಳು. ಆ ದಡದಿಂದ ನಾಲ್ಕು ವರ್ಷದ ನವ್ಯ, ಬಚ್ಚಪ್ಪನ ಮೊಮ್ಮಗಳು, ತನ್ನ ಹೆಸರಿಗೂ ಬೇರೆಯವರ ಹೆಸರಿಗೂ ತಾನೇ ಓ ಅನ್ನುತ್ತಿದ್ದಳು. ವೆಂಕಿ ಲಾರಿ ಟ್ಯೂಬಿನ ಮೇಲೆ ಕೂತು ಊಟದ ಪಾತ್ರೆ ದಾಟಿಸಲು ನೋಡಿದ. ಒಂದು ದಿನ ಮೊಟ್ಟೆಯೆಲ್ಲ ಕೆರೆಯ ಪಾಲಾದವು. ಆಮೇಲೆ ಹೆಸರು ಕೂಗುವುದು ಮಾತ್ರ ಉಳಿಯಿತು. ಓ ಎನ್ನುವ ದನಿಯಲ್ಲಿ ಹಸಿವು ಇದ್ದರೆ ಅದು ನೀರಿನ ಮೇಲೆ ಬಂದರೂ ಗೊತ್ತಾಗುತ್ತದೆ. ಹಗ್ಗದ ಅರ್ಜಿಯನ್ನು ಯಾಕಾದರೂ ಬರೆದೆನೋ ಎಂದು ಅವಳು ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಕೂರುತ್ತಿದ್ದಳು.

ಹನ್ನೊಂದನೇ ದಿನ ಉದ್ಘಾಟನೆ. ಶಾಶ್ವತ ಸೇತುವೆ ಬರುವವರೆಗೆ ತಾತ್ಕಾಲಿಕ ಜಲಸಾರಿಗೆ ಎಂದು ಎರಡು ದೋಣಿ ಬಂದಿದ್ದವು. ಎಲ್ಲಿಯೋ ಮುಚ್ಚಿಹೋದ ಉದ್ಯಾನದ್ದು. ಬಿಳಿ ಹಂಸದ ಆಕಾರ, ಉದ್ದ ಕತ್ತು, ಕೆಂಪು ಕೊಕ್ಕು, ಒಳಗೆ ಕೂತು ಸೈಕಲ್ಲಿನಂತೆ ತುಳಿಯಬೇಕು. ಒಂದು ಹಂಸದಲ್ಲಿ ನಾಲ್ಕು ಜನ. ಹಾಲಿನ ಕ್ಯಾನು ಎಲ್ಲಿಡುವುದು ಎಂದು ವೆಂಕಿ ಕೇಳಿದ್ದಕ್ಕೆ, ಎರಡನೇ ಹಂತದಲ್ಲಿ ನೋಡೋಣ ಎಂಬ ಉತ್ತರ ಸಿಕ್ಕಿತು. ಕೋಡಿಪಲ್ಲಿ ದಡದಲ್ಲಿ ಶಾಮಿಯಾನ, ಕುರ್ಚಿ, ನೂರಿಪ್ಪತ್ತು ಡಬ್ಬಿ ಊಟ.

ಯೋಜನೆಯ ನಿರ್ದೇಶಕರು ಕಾಂತರಾಜ್ ಎಂಬವರು ಬೆಂಗಳೂರಿನಿಂದ ರೈಲಿನಲ್ಲಿ ಬಂಗಾರಪೇಟೆಗೆ ಬಂದು, ಅಲ್ಲಿಂದ ಕಾರಿನಲ್ಲಿ ಬಂದಿಳಿದರು. ಒಳ್ಳೆಯ ಮನುಷ್ಯರೇ, ಬಿಸಿಲಿನಲ್ಲಿ ನಿಂತವರಿಗೆಲ್ಲ ನಮಸ್ಕಾರ ಮಾಡಿದರು. ಹೊಂಗೆಮರದ ಹತ್ತಿರ ಕುಪ್ಪುಸ್ವಾಮಿ ಕೆಲಸವಿಲ್ಲದಿದ್ದರೂ ಇಸ್ತ್ರಿ ಮಾಡಿದ ಖಾಕಿ ಶರಟು ಹಾಕಿಕೊಂಡು ನಿಂತಿದ್ದರು. ಕೆಳಗೆ ಅವರ ಊಟದ ಕ್ಯಾರಿಯರ್, ಅಪ್ಪನದರಂಥದೇ. ಆ ಕಡೆ ಹೋಗುವವರು ಬಿಲ್ಲೆ ತಗೋಬೇಕು ಸರ್ ಎಂದರು. ನಿರ್ದೇಶಕರಿಗೆ ಅದು ಬಹಳ ಇಷ್ಟವಾಯಿತು. ಇಂಥದನ್ನೇ ಪ್ರವಾಸಿಗರು ಕೇಳುವುದು ಎಂದು ತಾವೇ ಮುಂದೆ ನಿಂತು ಎಲ್ಲರಿಂದ ತೆಗೆಸಿದರು. ಎರಡರಿಂದ ಆರರವರೆಗೆ ಜೊತೆಯವರು ತೆಗೆದುಕೊಂಡರು, ನಿರ್ದೇಶಕರಿಗೆ ಏಳನೇ ನಂಬರು ಬಂತು. ಇಂದ್ರಾಣಿ ತನ್ನ ಒಂದನೇ ನಂಬರು ತೆಗೆದುಕೊಂಡು, ಅನ್ನದ ಪಾತ್ರೆಯನ್ನೂ ಒಂಬತ್ತು ಮೊಟ್ಟೆಯನ್ನೂ ಮಡಿಲಲ್ಲಿಟ್ಟುಕೊಂಡು ಹಿಂದಿನ ಹಂಸದಲ್ಲಿ ಕೂತಳು. ದಡದಲ್ಲಿ ಉಳಿದ ಅಧಿಕಾರಿ ಶ್ರೀಧರ್ ಒಬ್ಬನೇ. ಊಟದ ವ್ಯವಸ್ಥೆ ಅವನ ತಲೆಗೆ ಬಂದಿತ್ತು.

ಹೋಗುವಾಗ ಗಾಳಿ ಹಿಂದಿನಿಂದ ಇತ್ತು; ಹಂಸಗಳು ತಾವಾಗಿಯೇ ಹೋದವು. ನಡುಗುಟ್ಟದ ಅಂಚಿನಲ್ಲಿ ನೀರಿನ ಮೇಲೆ ಅಂತರಗಂಗೆ ಕಳೆ ಹಾಸಿಕೊಂಡಿದೆ ಎಂದು ಯಾರೂ ಹೇಳಲಿಲ್ಲ, ಯಾಕೆಂದರೆ ಯಾರೂ ಕೇಳಲಿಲ್ಲ. ಅದರೊಳಕ್ಕೆ ನುಗ್ಗಿದ ಮೇಲೆ ತುಳಿಯುವುದು ನಿಂತಿತು. ವೆಂಕಿ ಸೊಂಟದ ನೀರಿಗೆ ಇಳಿದು ಹಂಸಗಳನ್ನು ಎಮ್ಮೆ ಎಳೆದಂತೆ ಎಳೆದು ದಡ ಮುಟ್ಟಿಸಿದ. ಎಳೆಯುವ ರಭಸಕ್ಕೆ ಒಂದರ ಕತ್ತು ಕೈಗೇ ಬಂತು. ಆದರೂ ರಿಬ್ಬನ್ ಕತ್ತರಿಸಿದರು, ಚಪ್ಪಾಳೆ ಆಯಿತು, ನಿರ್ದೇಶಕರು ಇನ್ನು ಈ ದ್ವೀಪ ಒಂಟಿಯಲ್ಲ ಎಂದು ಸಣ್ಣ ಭಾಷಣ ಮಾಡಿದರು. ಹಿಂತಿರುಗಿ ನೋಡಿದರೆ ತುಳಿಯುವ ಚಕ್ರಗಳಿಗೆಲ್ಲ ಅಂತರಗಂಗೆಯ ಬೇರು ಜಡೆಯಂತೆ ಸುತ್ತಿತ್ತು. ಗಾಳಿಯೂ ಈಗ ಎದುರು.

ಹನ್ನೆರಡೂವರೆ ಆಗಿತ್ತು. ಯಾರಿಗೋ ಫೋನು ಮಾಡಿದರು. ರಕ್ಷಣಾ ದೋಣಿ ಎಲ್ಲಿಂದಲೋ ಹೊರಟರೂ ಸಂಜೆಯಾಗುತ್ತದೆ ಎಂದರು. ನಿರ್ದೇಶಕರು ಮಾಮೂಲಿಯಾಗಿ ನೀವೆಲ್ಲ ಹೇಗೆ ದಾಟುತ್ತೀರಿ ಎಂದು ಕೇಳಿದರು. ನವ್ಯ ಎದುರು ದಡದ ನೀಲಿ ಡ್ರಮ್ಮುಗಳ ಕಡೆ ಬೆರಳು ತೋರಿಸಿದಳು.

ಇಂದ್ರಾಣಿ ಮಕ್ಕಳನ್ನು ಸಾಲಾಗಿ ಕೂರಿಸಿದಳು. ಹತ್ತು ದಿನದ ಮೇಲೆ ಮಕ್ಕಳ ತಟ್ಟೆಗೆ ಅನ್ನ ಬೀಳುತ್ತಿತ್ತು; ಅವಳು ಮೊಟ್ಟೆ ಸುಲಿಯುವಾಗ ಯಾರ ಮುಖವನ್ನೂ ನೋಡಲಿಲ್ಲ. ಸಾಲಿನ ಕೊನೆಗೆ ನಿರ್ದೇಶಕರೂ ಐದು ಜನ ಜೊತೆಯವರೂ ತಾವಾಗಿಯೇ ಬಂದು ಕೂತರು. ಮಕ್ಕಳ ಪಾಲಿನಲ್ಲಿ ಅವರಿಗೆ ಬಡಿಸಲು ಇಂದ್ರಾಣಿಗೆ ಮನಸ್ಸಾಗಲಿಲ್ಲ, ಬೇಡ ಎನ್ನಲೂ ಆಗಲಿಲ್ಲ. ಅಷ್ಟರಲ್ಲಿ ವೆಂಕಟರತ್ನಮ್ಮ ಒಳಗಿನಿಂದ ಬಿಸಿ ಮುದ್ದೆ, ಹುರುಳಿ ಸಾರು ತಂದು ಆರು ತಟ್ಟೆಗೂ ಇಟ್ಟು ಒಳಗೆ ಹೋದಳು. ಅವಳು ತನ್ನ ಮನೆಯವರಿಗೆಂದು ತೊಳಸಿದ ಮುದ್ದೆ ಅದು. ಸಂಜೆಯವರೆಗೆ ಆ ಮನೆಯಲ್ಲಿ ಮತ್ತೆ ಒಲೆ ಹತ್ತಲಿಲ್ಲ. ಅದು ನಿರ್ದೇಶಕರಿಗೆ ಗೊತ್ತಾಗಲಿಲ್ಲ. ಇಂದ್ರಾಣಿಗೆ ಗೊತ್ತಾಯಿತು.

ಕೋಡಿಪಲ್ಲಿ ದಡದಲ್ಲಿ ನಡೆದದ್ದು ಅವಳಿಗೆ ಆಮೇಲೆ ತಿಳಿಯಿತು. ಶಾಮಿಯಾನದಲ್ಲಿ ನೂರಿಪ್ಪತ್ತು ಡಬ್ಬಿಗಳೂ ಆಗಲೇ ಮುಗಿದಿದ್ದವು. ಹಂಚಿದವನಿಗೂ ಉಳಿದಿರಲಿಲ್ಲ. ಶ್ರೀಧರ್ ನೀರಿನ ಅಂಚಿಗೂ ಮರಕ್ಕೂ ನಡುವೆ ಓಡಾಡುತ್ತಿದ್ದ. ಕುಪ್ಪುಸ್ವಾಮಿ ಅವನನ್ನು ಹಲಗೆಯ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿದರು.

"ಏಳು ಮೊಳೆ ಖಾಲಿ ಸರ್," ಎಂದರು.

ಶ್ರೀಧರ್ ಹಲಗೆಯನ್ನು ನೋಡಿದ, ತೆಪ್ಪದ ಮೇಲಿನ ಅರಗಿನ ಮುದ್ರೆಯನ್ನು ನೋಡಿದ. ಜೇಬಿನಿಂದ ಬೈಕಿನ ಕೀ ತೆಗೆದು ಮುದ್ರೆಯನ್ನು ತಾನೇ ಒಡೆದ. ಆಮೇಲೆ ಪ್ಯಾಂಟು ಮಡಿಸಿದ.

ವೆಂಕಿ ಟ್ಯೂಬಿನಲ್ಲಿ ಬಂದು ಹಗ್ಗದ ತುದಿ ಕಟ್ಟಿಕೊಂಡು ಹೋದ. ಆ ದಡದಲ್ಲಿ ಗಾಲಿ ಕಟ್ಟಲು ಕಂಬ ಬೇಕಲ್ಲ. ಹಳೆಯ ಕಂಬ ಕಿತ್ತು ಒಲೆಗೆ ಹೋಗಿತ್ತು. ಎಲ್ಲರೂ ಸುತ್ತ ನೋಡಿದರು. ಇಡೀ ನಡುಗುಟ್ಟದಲ್ಲಿ ಏಳು ಜನರ ಭಾರ ತಡೆಯುವ ವಸ್ತು ಒಂದೇ ಇತ್ತು. ಸರ್ಕಾರಿ ಕಾಂಕ್ರೀಟಿನಲ್ಲಿ ಆಳುದ್ದ ಹೂತಿದ್ದ ಸುನಾಮಿ ಕಂಬ. ಬಚ್ಚಪ್ಪ ಅದಕ್ಕೆ ಗಾಲಿ ಕಟ್ಟಿ, ಎಳೆದು ನೋಡಿ, ಇದೊಂದು ಒಳ್ಳೆ ಕೆಲಸ ಮಾಡವ್ರೆ ಎಂದು ಫಲಕವನ್ನು ಒಮ್ಮೆ ತಟ್ಟಿದ. ಎಳೆ ಬಿಟ್ಟ ಹಗ್ಗ ಅಲ್ಲಲ್ಲಿ ತೊಡಕಾಗುತ್ತಿತ್ತು. ಈ ದಡದಲ್ಲಿ ಕುಪ್ಪುಸ್ವಾಮಿ ಒಂದೊಂದೇ ಎಳೆಯನ್ನು ಹೊಸೆದು, ಬಿಗಿದು, ಮತ್ತೆ ಬಿಡುತ್ತಿದ್ದರು. ಮೂರು ಗಂಟೆ ಹೊತ್ತು ಹಿಡಿಯಿತು. ನಿರ್ದೇಶಕರೂ ಕೋಟು ಬಿಚ್ಚಿ ಹಗ್ಗ ಎಳೆದರು. ಅವರ ಬಿಳಿ ಶರಟಿನ ಮೇಲೆ ಕರಿ ಗ್ರೀಸಿನ ಪಟ್ಟೆ ಬಿತ್ತು.

ತೆಪ್ಪ ಬಂದು ನಿಂತಾಗ ಬಚ್ಚಪ್ಪ ಗಂಟೆಯ ದಾರ ಹಿಡಿದ. ಎಷ್ಟು ಹೊಡೆಯಬೇಕು ಎಂದು ನಿರ್ದೇಶಕರು ಕುತೂಹಲದಿಂದ ಕೇಳಿದರು. ಮನುಷ್ಯರಿಗೆ ಮೂರು ಎಂದ ಬಚ್ಚಪ್ಪ.

"ಅಧಿಕಾರಿಗಳಿಗೆ ಬೇರೆ ಇದೆಯಾ?" ಎಂದು ಅವರು ತಮಾಷೆ ಮಾಡಿದರು.

"ಇಲ್ಲ ಸ್ವಾಮಿ, ಮೂರೇ. ಎಮ್ಮೆ ಆದ್ರೆ ಎರಡು."

ಮೂರು ಸಲ ಗಂಟೆ ಕೇಳಿದ ಕೂಡಲೇ ಎದುರು ದಡದಲ್ಲಿ ರಾಟೆ ಮೆಲ್ಲಗೆ ತಿರುಗತೊಡಗಿತು. ತೆಪ್ಪ ಅಲುಗಿದ್ದೂ ಗೊತ್ತಾಗಲಿಲ್ಲ. ಅಪ್ಪನ ಕೇಜೂ ಹೀಗೇ ಬರುತ್ತಿತ್ತಂತೆ, ತುಂಬಿದ ನೀರಿನ ಲೋಟ ತುಳುಕದ ಹಾಗೆ. ನಡುನೀರಿನಲ್ಲಿ ಫೋಟೋ ತೆಗೆಯುವವನು ಕ್ಯಾಮೆರಾ ಎತ್ತಿದಾಗ ನಿರ್ದೇಶಕರು ಕೈ ಅಡ್ಡ ಹಿಡಿದರು. ಇದು ಬೇಡ, ಇದು ಫೋಟೋದಲ್ಲಿ ಬಂದರೆ ಕಷ್ಟ ಎಂದರು. ಇಂದ್ರಾಣಿ ಖಾಲಿ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡಳು. ನಾಳೆ ಮತ್ತೆ ಅರಗು, ಮತ್ತೆ ದಾರ, ಮತ್ತೆ ಕೂಗಿನ ಹಾಜರಿ.

ದಡ ಮುಟ್ಟಿದವರೇ ಎಲ್ಲರೂ ಗಡಿಬಿಡಿಯಲ್ಲಿ ಕಾರು ಹತ್ತಿದರು. ನಿರ್ದೇಶಕರಿಗೆ ಬಂಗಾರಪೇಟೆಯಲ್ಲಿ ಸಂಜೆಯ ರೈಲು ಹಿಡಿಯಬೇಕಿತ್ತು. ಶ್ರೀಧರ್ ಬೈಕಿನಲ್ಲಿ ಹಿಂದೆ ಹೋದ. ಶಾಮಿಯಾನ ಬಿಚ್ಚಿದರು. ದಡದಲ್ಲಿ ಉಳಿದದ್ದು ಕುಪ್ಪುಸ್ವಾಮಿ, ಇಂದ್ರಾಣಿ, ನಾಳೆ ಇರುತ್ತದೋ ಇಲ್ಲವೋ ತಿಳಿಯದ ತೆಪ್ಪ. ಹೊರಡೋಣವೇ ಮಾಮ, ಆರು ಗಂಟೆಯ ಬಸ್ಸು ಸಿಗುತ್ತದೆ ಎಂದಳು. ಅವರು ಹಲಗೆಯ ಮುಂದೆ ನಿಂತಿದ್ದರು. ಆರು ಬಿಲ್ಲೆ ಇದ್ದವು. ಏಳನೇ ಮೊಳೆ ಖಾಲಿ.

ನಿರ್ದೇಶಕರು ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದರು.

ನೀವೇ ಎಳೆದು ತಂದಿರಿ, ನಿಮ್ಮ ಕಣ್ಣ ಮುಂದೆಯೇ ಕಾರು ಹತ್ತಿದರು ಎಂದು ಇಂದ್ರಾಣಿ ಹೇಳಿದಳು. ಅದೆಲ್ಲ ಅವರಿಗೂ ಗೊತ್ತಿತ್ತು. ಅವರು ರಾಟೆಯ ಪಕ್ಕದ ಕಲ್ಲಿನ ಮೇಲೆ ಕೂತರು.

"ಕಣ್ಣು ಸುಳ್ಳು ಹೇಳ್ತದೆ ಪಾಪಾ. ಬಿಲ್ಲೆ ಹೇಳಲ್ಲ. ನಿಮ್ಮಪ್ಪ ಇದ್ದಿದ್ರೆ ಎದ್ದು ಓಗ್ತಿದ್ರಾ?"

ಅವಳು ಶ್ರೀಧರನ ನಂಬರಿಗೆ ಫೋನು ಮಾಡಿದಳು. ಒಂದು ತಗಡಿನ ಮುಚ್ಚಳಕ್ಕಾಗಿ ಒಬ್ಬ ನಿರ್ದೇಶಕರನ್ನು ರೈಲ್ವೆ ಪ್ಲಾಟ್‌ಫಾರಂನಲ್ಲಿ ತಡೆದು ಜೇಬು ನೋಡಿಕೊಳ್ಳಿ ಎಂದು ಹೇಳಿ ಎನ್ನುವುದು ಎಷ್ಟು ಕಷ್ಟ ಎಂದು ಹೇಳುತ್ತಿರುವಾಗಲೇ ಅವಳಿಗೆ ತಿಳಿಯುತ್ತಿತ್ತು. ಶ್ರೀಧರ್ ಪೂರ್ತಿ ಕೇಳಿಸಿಕೊಂಡು, ಸರಿ ಮೇಡಂ ಎಂದಷ್ಟೇ ಹೇಳಿದ. ಆರು ಗಂಟೆಯ ಬಸ್ಸು ಹೋಯಿತು. ಅವಳೂ ಇನ್ನೊಂದು ಕಲ್ಲಿನ ಮೇಲೆ ಕೂತಳು. ಕುಪ್ಪುಸ್ವಾಮಿಯವರ ಕ್ಯಾರಿಯರ್ ಬೆಳಿಗ್ಗೆ ಇಟ್ಟಲ್ಲೇ ಇತ್ತು, ಮುಚ್ಚಿದ್ದು ಮುಚ್ಚಿದಂತೆ. ಊಟ ಮಾಡಿ ಎಂದರೆ ಶಿಫ್ಟು ಮುಗಿದಿಲ್ಲ ಎಂದರು.

ಬೈಕು ಬಂದಾಗ ಹೊಂಗೆಮರದ ನೆರಳು ನೀರಿನ ಮೇಲೆ ಉದ್ದವಾಗಿ ಮಲಗಿತ್ತು. ಶ್ರೀಧರ್ ಇಳಿದ. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿಯದವನ ಮುಖ. ಜೇಬಿನಿಂದ ಬಿಲ್ಲೆ ತೆಗೆದು ಕುಪ್ಪುಸ್ವಾಮಿಗೆ ಚಾಚಿದ. ಅವರು ಮುಟ್ಟಲಿಲ್ಲ, ಮೊಳೆಯ ಕಡೆ ತೋರಿಸಿದರು. ಅವನೇ ಹೋಗಿ ಹಾಕಿದ. ಆಮೇಲೆ ಇಂದ್ರಾಣಿಯ ಕಡೆ ತಿರುಗಿದ.

ರೈಲು ಹೊರಡುವವರೆಗೆ ಸಾಹೇಬರ ಪಕ್ಕದಲ್ಲೇ ಕೂತು ವರದಿ ಬರೆದೆ, ಎಂದ. ಕೆರೆಯಲ್ಲಿ ಯಾವುದೇ ತೆಪ್ಪ ಇರುವುದಿಲ್ಲ ಎಂದು ಅವರೇ ಹೇಳಿ ಬರೆಸಿದ್ದರು. ತೆಪ್ಪ ಇದೆ ಎಂದರೆ ಯೋಜನೆ ಹೋಗುತ್ತದೆ. ತಾವು ಅದರಲ್ಲೇ ದಾಟಿ ಬಂದದ್ದೂ ಹೇಳಬೇಕಾಗುತ್ತದೆ. ಇಂದ್ರಾಣಿಗೆ ಮೊದಲು ಅರ್ಥವಾಗಲಿಲ್ಲ. ಹಾಗಾದರೆ ನಾಳೆ ಮತ್ತೆ ಸೀಲ್ ಮಾಡುತ್ತೀರಾ ಎಂದು ಕೇಳಿದಳು.

"ಇಲ್ಲದ್ದನ್ನ ಹೇಗೆ ಮೇಡಂ ಸೀಲ್ ಮಾಡೋದು?" ಎಂದ ಶ್ರೀಧರ್. "ಇಲ್ಲ ಅಂತ ಸಹಿ ಆಗಿದೆ. ಯೋಜನೆ ಮುಗಿಯೋವರೆಗೂ ಇರಲ್ಲ ಅದು. ಹತ್ತು ವರ್ಷ ಆಗಬಹುದು."

ಇಂದ್ರಾಣಿ ತೆಪ್ಪದ ಕಡೆ ನೋಡಿದಳು. ಇಲ್ಲದ ತೆಪ್ಪ ಅಲೆಗೆ ಅಲುಗಿ, ದಡದ ಕಲ್ಲಿಗೆ ಮೆಲ್ಲಗೆ ತಾಗಿ ಡಬ್ ಡಬ್ ಎನ್ನುತ್ತಿತ್ತು. ನಾಳೆ ಮಡಿಲಲ್ಲಿ ಮೊಟ್ಟೆ ಇಟ್ಟುಕೊಂಡು ಇಲ್ಲದ ಸಾರಿಗೆಯಲ್ಲಿ ದಾಟಿ, ಇರುವ ಮಕ್ಕಳಿಗೆ ಬಡಿಸಬೇಕು. ಅವಳಿಗೆ ನಗು ಬಂತು. ಕಣ್ಣಿಗೂ ಏನೋ ಬಂತು, ಸೆರಗಿನಲ್ಲಿ ಒತ್ತಿಕೊಂಡಳು.

ಶ್ರೀಧರ್ ಬೈಕಿನ ಚೀಲದಿಂದ ಒಂದು ಡಬ್ಬ ತೆಗೆದು ರಾಟೆಯ ಪಕ್ಕ ಇಟ್ಟ. ಹಗ್ಗಕ್ಕೆ ಎಲ್ಲೂ ಮಂಜೂರಾತಿ ಸಿಗಲಿಲ್ಲ, ಸ್ಟೇಷನ್ನಿನ ಎದುರಿನ ಲಾರಿ ಅಂಗಡಿಯಲ್ಲಿ ಗ್ರೀಸು ಸಿಕ್ಕಿತು ಎಂದು ನೆಲ ನೋಡಿಕೊಂಡು ಹೇಳಿದ. ಕುಪ್ಪುಸ್ವಾಮಿ ಮುಚ್ಚಳ ತೆಗೆದು ಬೆರಳಲ್ಲಿ ಒಂದಿಷ್ಟು ಎತ್ತಿ, ಹಗ್ಗಕ್ಕೆ ಸವರಿ ನೋಡಿದರು. ಪರವಾಗಿಲ್ಲ ಎನ್ನುವಂತೆ ತಲೆಯಾಡಿಸಿದರು. ಆಂಡರ್ಸನ್‌ಪೇಟೆಯ ಸಂಜೆಗಳೆಲ್ಲ ಆ ಡಬ್ಬದಿಂದ ಎದ್ದು ಬಂದವು.

ಶ್ರೀಧರ್ ಬೈಕು ಹತ್ತಲು ಹೋದ. ಕುಪ್ಪುಸ್ವಾಮಿ ನಿಲ್ಲಿ ಎಂಬಂತೆ ಕೈ ತೋರಿಸಿ, ಕಲ್ಲಿನ ಮೇಲೆ ಜಾಗ ಬಿಟ್ಟರು. ಕ್ಯಾರಿಯರ್ ಎತ್ತಿಕೊಂಡರು.

"ಇವತ್ತಿನ ಕಡೇ ಬಿಲ್ಲೆ ನಿಮ್ದು," ಎಂದರು. "ಕಡೇಲಿ ಮೇಲಕ್ ಬಂದೋನಿಗೆ ಇಂಜಿನ್ನಿನೋನ ಊಟ. ನಮ್ಮ ದೊರೆ ಮಾಡಿಟ್ಟ ರೂಲ್ಸು." ದೊರೆ ಎಂದರೆ ಅಪ್ಪ; ಹಾಗೆನ್ನುವಾಗ ಅವರ ಗದ್ದ ಇಂದ್ರಾಣಿಯ ಕಡೆ ತಿರುಗಿತ್ತು.

ತೊಳೆದಿಟ್ಟ ಹಾಗೆ ಖಾಲಿಯಾಗಿ ಬರುತ್ತಿದ್ದ ಮೂರು ಡಬ್ಬಿಗಳು ಅವಳ ಕಣ್ಣಿಗೆ ಕಟ್ಟಿದವು. ಬಂದವರೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದ ಅಪ್ಪ. ಅಮ್ಮನಿಗೆ ಇದು ಕೊನೆಗೂ ತಿಳಿಯಲಿಲ್ಲವಲ್ಲ.

ಕುಪ್ಪುಸ್ವಾಮಿ ಗ್ರೀಸು ಮೆತ್ತಿದ ಕೈಯಿಂದಲೇ ಕ್ಯಾರಿಯರನ್ನು ಚಾಚಿದರು. ಶ್ರೀಧರ್ ಒಂದು ಕ್ಷಣ ನಿಂತು, ಎರಡೂ ಕೈಯಲ್ಲಿ ತೆಗೆದುಕೊಂಡ.